ಶರ್ಮಿಳಾ ಹೇಳಿದ್ದು, ನಾನು ಬರೆದದ್ದು

ಶರ್ಮಿಳಾ, ನಿನ್ನ ಪಿಯುಸಿ ಗಣಿತ ಪರೀಕ್ಷೆಯಲ್ಲಿ ನೀನು ಹೇಳಿದ್ದನ್ನು ನಾನು ಸರಿಯಾಗಿ ಬರೆಯಲಿಲ್ಲ. ಬರೆದಿದ್ದೇನೆ ಎಂದು ಸುಳ್ಳು ಹೇಳಿದೆ. ಒಮ್ಮೆಯಲ್ಲ, ಎರಡು ಸಲ.

ಇದನ್ನು ಯಾರಾದರೂ ನಿನಗೆ ಓದಿ ಹೇಳಿಯಾರು. ಓದುವವರಿಗೂ ತಿಳಿಯಲಿ — ಶರ್ಮಿಳಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಜಪೆಯಲ್ಲಿ ನಮ್ಮ ಪಕ್ಕದ ಮನೆಯವಳು, ನನಗಿಂತ ಒಂದು ವರ್ಷ ಮುಂದೆ. ಪರೀಕ್ಷೆಯಲ್ಲಿ ಅವಳು ಬಾಯಲ್ಲಿ ಹೇಳಬೇಕು, ಬೇರೊಬ್ಬರು ಬರೆಯಬೇಕು. ಬರೆಯುವವರು ಗಣಿತ ಓದಿದವರಾಗಿರಬಾರದು, ಕೆಳಗಿನ ತರಗತಿಯವರಾಗಿರಬೇಕು ಎಂದು ಕಾಲೇಜಿನಲ್ಲಿ ಹೇಳಿದ್ದರು. ನಾನು ಕಲಾ ವಿಭಾಗದವಳು. ಅಕ್ಷರವೋ — ಮುತ್ತು ಪೋಣಿಸಿದ ಹಾಗೆ! ಕೈಬರಹಕ್ಕೆ ಬಹುಮಾನಗಳೂ ಬಂದಿದ್ದವು. ಆ ಕೊಬ್ಬು ಇತ್ತು ನನಗೆ, ಈಗ ಮುಚ್ಚಿಟ್ಟು ಏನು ಪ್ರಯೋಜನ.

ಪರೀಕ್ಷೆಗೆ ಹದಿನೈದು ದಿನ ಮೊದಲು ಶರ್ಮಿಳಾ ನನಗೆ ಪಾಠ ಶುರು ಮಾಡಿದಳು. ಅವಳ ಅಮ್ಮ ಮಲ್ಲಿಗೆ ಕಟ್ಟಿ ಮಾರುತ್ತಿದ್ದರು. ಕಟ್ಟಿ ಉಳಿದ ಬಾಳೆನಾರನ್ನು ಒದ್ದೆ ಮಾಡಿ, ಬೆಂಚಿನ ಮೇಲೆ ಬಗ್ಗಿಸಿಟ್ಟು ಒಂದೊಂದೇ ಚಿಹ್ನೆಯ ಆಕಾರ ತೋರಿಸುವಳು. ವರ್ಗಮೂಲ, ಆವರಣ, ಇಂಟಿಗ್ರೇಶನ್ನಿನ ಉದ್ದ ಕೊಕ್ಕೆ. ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ಲೆಕ್ಕ ಅಂತ ಹೆದರ್ಬೇಡ ಮಾರಾಯ್ತಿ. ಭಾಷೆ. ಮನೆಯಲ್ಲಿ ತುಳು ಮಾತಾಡ್ತೀ, ಶಾಲೆಯಲ್ಲಿ ಕನ್ನಡ ಬರೀತೀ. ಇದು ಮೂರನೇದು. ಯಾವುದು ಎಲ್ಲಿ ಮುಗೀತದೆ ಅಂತ ಗೊತ್ತಾಗ್ಬೇಕು, ಅಷ್ಟೇ. ವರ್ಗಮೂಲದ ಗೆರೆ ಎಲ್ಲಿವರೆಗೆ ಎಳೀಬೇಕು? ಅದು ತಪ್ಪಿದ್ರೆ ಮಾತೇ ಬೇರೆ ಆಗ್ತದೆ."

ನಾಲ್ಕು ದಿನ ಹೋದೆ. ಐದನೆಯ ದಿನ ಕಾಲೇಜು ವಾರ್ಷಿಕೋತ್ಸವದ ಡ್ಯಾನ್ಸು, ಆರನೆಯ ದಿನ ತಲೆನೋವು, ಆಮೇಲೆ ಮನೆಗೆ ನೆಂಟರು. ಹನ್ನೊಂದನೆಯ ದಿನ ಅವಳೇ ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ಎಲ್ಲಾ ಗೊತ್ತುಂಟು ನಂಗೆ. ಚಂದ ಬರೀತೇನೆ, ನೋಡು," ಎಂದೆ. ನೋಡು ಎಂದೆ — ಅವಳಿಗೆ! ಅವಳು ನಕ್ಕು ಹೊರಟುಹೋದಳು.

ಪರೀಕ್ಷೆಯ ಮೊದಲ ಭಾಗ ಹೇಗೋ ದಾಟಿತು. ದೊಡ್ಡ ಲೆಕ್ಕಗಳು ಬಂದಾಗ ನನ್ನ ಕೈ ನಿಂತಿತು. ಅವಳು ಹೇಳುತ್ತಾ ಹೋಗುತ್ತಿದ್ದಳು — ತಡವರಿಸದೆ, ಪಾಯಸ ಮಾಡುವ ಕ್ರಮ ಹೇಳುವವಳ ಹಾಗೆ. ಸಂಖ್ಯೆಗಳನ್ನು ಕೊಕ್ಕೆಯ ಯಾವ ತುದಿಯಲ್ಲಿ ಬರೆಯಬೇಕು, ಗೆರೆ ಎಲ್ಲಿ ನಿಲ್ಲಬೇಕು, ನನಗೊಂದೂ ತಿಳಿಯಲಿಲ್ಲ. ಕೇಳಬಹುದಿತ್ತು. "ನಿಲ್ಲು ಶರ್ಮಿಳಾ, ನಂಗೆ ಗೊತ್ತಿಲ್ಲ" — ಇಷ್ಟೇ ಮಾತು. ಆದರೆ ಎಲ್ಲಾ ಗೊತ್ತುಂಟು ಎಂದವಳು ನಾನಲ್ಲವೇ?

ಅವಳ ಮಾತುಗಳನ್ನು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಕನ್ನಡದಲ್ಲಿ ಗೀಚಿಕೊಂಡೆ: "ಕೊಕ್ಕೆ, ಸೊನ್ನೆಯಿಂದ ಒಂದರವರೆಗೆ, ರೂಟಿನ ಒಳಗೆ ಇಡೀ ಒಂದು ಪ್ಲಸ್ ಎಕ್ಸ್..." ಆಮೇಲೆ ಚಿಹ್ನೆ ಮಾಡಿದರಾಯಿತು ಎಂದುಕೊಂಡೆ. ಅದೂ ಬರದೆ, ಉತ್ತರಪತ್ರಿಕೆಯಲ್ಲಿ ಕೈಗೆ ಬಂದದ್ದನ್ನು ಗೀಚಿದೆ — ಮುದ್ದಾದ ಅಕ್ಷರದಲ್ಲಿ. ಐದು ಲೆಕ್ಕ ಹಾಗೆ ಹೋಯಿತು.

ಕೊನೆಗೆ ಅವಳು ಕೇಳಿದಳು: "ಒಮ್ಮೆ ಓದಿ ಹೇಳು." ನಾನು ಓದಿದ್ದು ಉತ್ತರಪತ್ರಿಕೆಯನ್ನಲ್ಲ, ಅಂಚಿನಲ್ಲಿ ಗೀಚಿದ್ದನ್ನು. "ಸರಿಯುಂಟು," ಎಂದಳು. ಮುಖದಲ್ಲಿ ಎಂಥ ಖುಷಿ! ಇದು ಮೊದಲ ಸುಳ್ಳು.

ಫಲಿತಾಂಶ ಬಂತು. ಪಾಸು, ಆದರೆ ಗಣಿತದಲ್ಲಿ ಪಾಸಿಗೆ ಬೇಕಾದಷ್ಟೇ ಅಂಕ. ಬಿಎಸ್ಸಿ ಗಣಿತಕ್ಕೆ ಹೋಗಬೇಕೆಂದು ಎರಡು ವರ್ಷದಿಂದ ಕನವರಿಸುತ್ತಿದ್ದವಳು. ಕಾಲೇಜಿನವರು ಅಂಕ ನೋಡಿ, ಬೇರೆ ವಿಷಯ ತಗೊಳ್ಳಮ್ಮ ಎಂದರಂತೆ. ಸಂಜೆ ನನ್ನ ಹತ್ತಿರ ಬಂದು ಕೇಳಿದಳು: "ಉತ್ತರಪತ್ರಿಕೆಯ ಜೆರಾಕ್ಸ್ ತರಿಸ್ಲಿಕ್ಕೆ ಆಗ್ತದಂತೆ. ತರಿಸುವ ಅಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನಾನು.

"ಎಂತಕ್ಕೆ ಅದೆಲ್ಲ? ನೀನು ಹೇಳಿದ್ದನ್ನೇ ಬರ್ದಿದ್ದೇನೆ. ಒಂದಕ್ಷರ ಬಿಟ್ಟಿಲ್ಲ."

"ಹಾಗಾದ್ರೆ ತಪ್ಪು ನನ್ನ ತಲೆಯಲ್ಲೇ ಉಂಟು," ಎಂದಳು. ಅಲ್ಲ, ಎನ್ನಲಿಲ್ಲ ನಾನು. ಅವಳು ಬೇರೆ ವಿಷಯ ತೆಗೆದುಕೊಂಡಳು. ಒಂದು ಕಚೇರಿಯಲ್ಲಿ ಟೆಲಿಫೋನು ನೋಡಿಕೊಳ್ಳುವ ಕೆಲಸ ಸಿಕ್ಕಿತು, ಉಳ್ಳಾಲಕ್ಕೆ ಮದುವೆಯಾಗಿ ಹೋದಳು. ನಾನು ಹಂಪನಕಟ್ಟೆಯಲ್ಲಿ ಮದುವೆಯ ಆಮಂತ್ರಣದ ಕಾಗದ ಅಚ್ಚು ಮಾಡುವ ಅಂಗಡಿ ಸೇರಿದೆ. ಆ ಪರೀಕ್ಷೆ ಆಗಿ ಹದಿನೆಂಟು ವರ್ಷವಾಯಿತು.

ಶರ್ಮಿಳಾ, ಕಳೆದ ತಿಂಗಳು ಉಳ್ಳಾಲದ ಬಸ್ಸಿನಲ್ಲಿ ನಿನ್ನ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಮಾತಾಡಿಸಲಿಲ್ಲ. ನಿನ್ನ ಮಗಳು ಏನೋ ಲೆಕ್ಕ ಕೇಳಿದಳು. ನೀನು ನಕ್ಕು, "ನಂಗೆ ಗಣಿತ ತಲೆಗೆ ಹೋಗುದಿಲ್ಲ ಮಗಾ, ಅಪ್ಪನ ಹತ್ರ ಕೇಳು," ಎಂದೆ. ಮುಂದಿನ ಸ್ಟಾಪಿನಲ್ಲೇ ನಾನು ಇಳಿದುಬಿಟ್ಟೆ.

ಆ ಪ್ರಶ್ನೆಪತ್ರಿಕೆ ನನ್ನ ಕಪಾಟಿನಲ್ಲೇ ಇದೆ. ಹರಿದು ಹಾಕಲು ಧೈರ್ಯ ಬಂದಿರಲಿಲ್ಲ, ಕೊಡಲೂ ಬಂದಿರಲಿಲ್ಲ. ಮೊನ್ನೆ ಅದನ್ನು ಅಂಗಡಿಗೆ ಒಯ್ದು, ಮದುವೆ ಕಾಗದ ಮಾಡಿಸಲು ಬಂದ ಗಣಿತದ ಮೇಡಂ ಒಬ್ಬರಿಗೆ ತೋರಿಸಿದೆ. ನಾನು ಗೀಚಿದ ಕನ್ನಡವನ್ನು ಅವರು ಕುಳಿತಲ್ಲೇ ಚಿಹ್ನೆಗಳಾಗಿ ಬರೆದುಕೊಂಡು ಹೋದರು. ಕೊನೆಗೆ ಕನ್ನಡಕ ತೆಗೆದು, "ಐದೂ ಸರಿಯುಂಟು. ಒಂದು ಹೆಜ್ಜೆ ತಪ್ಪಿಲ್ಲ. ಯಾರು ಹೇಳಿದ್ದಿದು?" ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ಬರೆದವಳು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಛೆ, ಅಲ್ಲೂ ತಪ್ಪಿಸಿಕೊಂಡೆ.

ಸಣ್ಣ ವಯಸ್ಸು, ಹೆದರಿಕೆ — ಇದೆಲ್ಲ ಹೇಳಬಹುದು. ಆದರೆ ಹದಿನೆಂಟು ವರ್ಷವೂ ನಾನು ಸಣ್ಣವಳಾಗಿರಲಿಲ್ಲ. ನಿನ್ನ ಅಂಕ ಹೋದದ್ದಕ್ಕಿಂತ, ನೀನು ನಿನ್ನ ತಲೆಯನ್ನೇ ನಂಬದ ಹಾಗೆ ಮಾಡಿದೆನಲ್ಲ — ಅದು ನನ್ನನ್ನು ತಿನ್ನುತ್ತದೆ.

ಈ ಆದಿತ್ಯವಾರ ಉಳ್ಳಾಲಕ್ಕೆ ಬರುತ್ತಿದ್ದೇನೆ. ನೀನು ಬಾಗಿಲು ಹಾಕಿದರೆ ಹೊರಗೆ ನಿಂತೇ ಹೇಳುತ್ತೇನೆ. ನಿನ್ನ ಮಗಳನ್ನೂ ಕರೆ. ಅವಳೆದುರಿಗೇ ಹೇಳಬೇಕು: ನಿನ್ನ ಅಮ್ಮನಿಗೆ ಗಣಿತ ಬರುತ್ತಿತ್ತು ಮಗಾ. ಬಾರದೆ ಇದ್ದದ್ದು ನನಗೆ.