ಯಾವುದಕ್ಕಿಂತ ಉತ್ತಮ?

ಅಕ್ಕನ ಬೆನ್ನು ಕೊಯ್ಯಿಸುವ ತೀರ್ಮಾನವನ್ನು ಭಾವ ಆಸ್ಪತ್ರೆಯೊಂದರ ಬಣ್ಣದ ಕರಪತ್ರ ಓದಿ ಕೈಗೊಂಡಿದ್ದರು. ಸೊಂಟದಿಂದ ಹಿಮ್ಮಡಿಯವರೆಗೆ ಇಳಿಯುವ ನೋವಿನಿಂದ ಅವಳು ಕೆಲವು ವಾರಗಳಿಂದ ನರಳುತ್ತಿದ್ದಳು. ಶಿಕಾರಿಪುರದ ಅವರ ಮನೆಗೆ ನಾನು ಹೋದಾಗ ಭಾವ ಆ ಕರಪತ್ರವನ್ನು ನನ್ನ ಮುಂದೆ ಎಸೆದರು. ‘ಶಸ್ತ್ರಚಿಕಿತ್ಸೆಯೇ ಉತ್ತಮವೆಂದು ಸಂಶೋಧನೆಗಳಿಂದ ದೃಢಪಟ್ಟಿದೆ’ ಎಂದು ಅದರಲ್ಲಿ ಅಚ್ಚಾಗಿತ್ತು.

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಬಿಟ್ಟಿದ್ದರೂ ಕೆಟ್ಟ ವಾಕ್ಯವನ್ನು ಸಹಿಸುವ ಗುಣ ನನಗೆ ಬಂದಿಲ್ಲ.

“ಯಾವುದಕ್ಕಿಂತ ಉತ್ತಮ, ಭಾವ? ಯಾರಿಗೆ? ದೃಢಪಡಿಸಿದವರು ಯಾರು? ಇದಕ್ಕೆ ಕರ್ತೃವೇ ಇಲ್ಲ.”

“ಕರ್ತೃ ಆಪರೇಷನ್ ಥಿಯೇಟರ್‌ನಾಗೆ ಇರ್ತಾನೆ ಬಿಡ್ರಿ ಮೇಷ್ಟ್ರೆ. ನೀವು ಒತ್ತು, ದೀರ್ಘ ತಿದ್ಕೋತ ಕೂತ್ಕಳ್ರಿ. ಅಷ್ಟೊತ್ತಿಗೆ ಆಕಿ ಕಾಲು ಸೆಟ್ಕೊಂಡಿರ್ತೈತಿ.”

“ಪಂಪ್‌ಸೆಟ್ ತರೋಕೆ ನಾಲ್ಕು ಅಂಗಡಿ ತಿರುಗಿದ್ರಿ. ಹೆಂಡ್ತಿ ಬೆನ್ನಿಗೆ ಒಂದು ಕರಪತ್ರ ಸಾಕಾಯ್ತಾ?”

ಭಾವ ಎದ್ದು ಒಳಗೆ ಹೋದರು. ಮರುದಿನ ಅಕ್ಕನನ್ನು ಸೊರಬದ ವೈದ್ಯೆಯೊಬ್ಬರಿಗೆ ತೋರಿಸಲು ಹೊರಟಾಗ ಕಾರಿನ ಕೀಲಿಯನ್ನೂ ಕೊಡಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ಕುಳಿತರೆ ನೋವು ಹೆಚ್ಚಾಗುತ್ತದೆಂದು ಅಕ್ಕ ಕಂಬಿ ಹಿಡಿದು ನಿಂತೇ ಬಂದಳು.

ವೈದ್ಯೆ ಅವಳ ಕಾಲನ್ನು ಎತ್ತಿಸಿ, ಹೆಬ್ಬೆರಳಿನ ಬಲ ನೋಡಿ, ಮೂತ್ರಕ್ಕೆ ಹೋಗುವುದರಲ್ಲಿ ತೊಂದರೆಯಿದೆಯೇ ಎಂದು ವಿಚಾರಿಸಿದರು. ಇರಲಿಲ್ಲ. ಆಮೇಲೆ ಕಂಪ್ಯೂಟರಿನತ್ತ ತಿರುಗಿ ಇಂಥ ನೋವಿನ ಕುರಿತ ಸಂಶೋಧನೆಗಳನ್ನು ಹುಡುಕತೊಡಗಿದರು. ನನಗೆ ರೇಗಿತು.

“ಅದನ್ನ ಕೇಳಿ ಹೇಳೋದಾದ್ರೆ ನಮ್ಮ ಭಾವನ ವಾಟ್ಸಾಪ್ ಸಾಕಿತ್ತಲ್ಲ, ಡಾಕ್ಟ್ರೆ? ನಿಮಗೇ ಗೊತ್ತಿಲ್ವಾ?”

“ಗೊತ್ತು ಅಂದ್ಕೊಂಡಿದ್ದನ್ನೇ ಸರ್ ಮೊದಲು ನೋಡ್ಬೇಕು” ಎಂದರು ಅವರು, ತಲೆಯೆತ್ತದೆ. ಮೊದಲ ಪುಟವನ್ನು ಮುಚ್ಚಿದರು: “ಇದು ಹಳೇದು, ಆಮೇಲಿನ ಅಧ್ಯಯನ ಸೇರಿಸಿಲ್ಲ.” ಎರಡನೆಯದನ್ನೂ ಮುಚ್ಚಿದರು: “ಇದಕ್ಕೆ ದುಡ್ಡು ಕೊಟ್ಟಿದ್ದೇ ಆಪರೇಷನ್ ಸಾಮಾನು ಮಾರೋರು.” ಮೂರನೆಯದರಲ್ಲಿ ನಿಂತರು. “ಒಂದು ಅಧ್ಯಯನ ಯಾರು ಬೇಕಾದ್ರೂ ತೋರಿಸ್ತಾರೆ ಸರ್. ಈ ಪುಟದೋರು ಎಲ್ಲಾ ಅಧ್ಯಯನಾನೂ ಹುಡುಕಿ, ಜೊಳ್ಳು ಕೇರಿ, ಉಳಿದಿದ್ದನ್ನ ಎಷ್ಟು ನಂಬಬಹುದು ಅಂತಾನೂ ಬರೀತಾರೆ.”

ಅಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದರು. ಇಂಥ ನೋವಿರುವ, ಆದರೆ ಕಾಲಿನ ಬಲ ಕುಂದದವರಲ್ಲಿ, ಓಡಾಡಿಕೊಂಡು ಕಾಯುವುದಕ್ಕಿಂತ ಶಸ್ತ್ರಚಿಕಿತ್ಸೆಯಿಂದ ನೋವು ಬೇಗ ಇಳಿಯಬಹುದು. ವರ್ಷದ ಹೊತ್ತಿಗೆ ಕಾದವರ ನೋವೂ ತಗ್ಗಿ, ಎರಡರ ನಡುವೆ ಹೆಚ್ಚಿನ ವ್ಯತ್ಯಾಸ ಉಳಿಯದಿರಬಹುದು. ಈ ಮಾತಿನ ಖಚಿತತೆಯೂ ಹೆಚ್ಚಿನದಲ್ಲ.

ಅಂತೂ ಒಂದು ‘ಕ್ಕಿಂತ’ ಸಿಕ್ಕಿತು. ಆದರೆ ನಾನು ಭಾವನ ಬಾಯಿ ಮುಚ್ಚಿಸುವ ವಾಕ್ಯವನ್ನು ಹುಡುಕಿಕೊಂಡು ಬಂದಿದ್ದೆ. ‘ಬೇಗ’ ಎಂಬ ಪದ ಅವರ ಪಾಲಿಗೆ ಹೋಯಿತು. ಅದನ್ನು ಅಳಿಸಲು ನನ್ನ ಕೆಂಪು ಪೆನ್ನಿಗೆ ಅಧಿಕಾರವಿರಲಿಲ್ಲ.

“ನಂಗೆ ಅವಸರ ಇಲ್ಲಮ್ಮ, ಕಾಯ್ತೀನಿ” ಎಂದಳು ಅಕ್ಕ. “ಕಾಲು ಸೋತ್ರೆ?”

“ಅವತ್ತೇ ಬನ್ನಿ. ಆಗ ಈ ಲೆಕ್ಕ ನಡೆಯಲ್ಲ.”

ಮನೆಯಲ್ಲಿ ಎಲ್ಲವನ್ನೂ, ‘ಬೇಗ’ ಸಹಿತ, ಒಪ್ಪಿಸಿದೆ. ಭಾವ ನಕ್ಕರು.

“ಸೊರಬಕ್ಕೆ ಹೋಗಿ ಎರಡು ‘ಬಹುದು’ ತಂದ್ರೇನ್ರಿ? ಕರಪತ್ರದ ಆಸ್ಪತ್ರೆ ಡಾಕ್ಟ್ರು ಗ್ಯಾರಂಟಿ ಕೊಟ್ಟಾರ.”

“ಗ್ಯಾರಂಟಿ ಮಿಕ್ಸಿಗೆ ಕೊಡ್ತಾರೆ” ಎಂದೆ.

“ಇಬ್ರೂ ಸುಮ್ನಿರ್ರಿ. ಬೆನ್ನು ನಂದೈತಿ” ಎಂದು ಅಕ್ಕ ಗೋಡೆ ಹಿಡಿದುಕೊಂಡು ಅಂಗಳದಲ್ಲಿ ನಡೆಯತೊಡಗಿದಳು.

ಕಾಲಿನ ಬಲ ಕುಂದಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳು ನೆಲದ ಮೇಲೆ ಕುಳಿತು ಹೋಳಿಗೆ ಲಟ್ಟಿಸುವಂತಾದಳು. ನೆಂಟರೆಲ್ಲ ಉಣ್ಣುತ್ತಿದ್ದಾಗ ಭಾವ ನನಗೆ ಕೇಳಿಸಲೆಂದೇ ದನಿಯೇರಿಸಿದರು: “ಮೇಷ್ಟ್ರಿಂದ ಏನೂ ಆಗ್ಲಿಲ್ಲ, ಡಾಕ್ಟರಮ್ಮನಿಂದಾನೂ ಆಗ್ಲಿಲ್ಲ. ನೋವು ತಾನಾಗೇ ಹೋತು!”

ಸೊರಬದ ಆ ಪುಟ ಕಾಯುವವರಿಗೆ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ. ‘ನೋವು’ ಕರ್ತೃ, ‘ಹೋಯಿತು’ ಅಕರ್ಮಕ ಕ್ರಿಯಾಪದ. ವಾಕ್ಯದಲ್ಲಿ ಇನ್ನೊಬ್ಬರಿಗೆ ಜಾಗವೇ ಇಲ್ಲ. ಈ ವಿಷಯದಲ್ಲಿ ಭಾವ ಆಡಿದ ಮೊದಲ ಸರಿಯಾದ ವಾಕ್ಯ ಅದು. ಅವರಿಗೆ ನಾನು ಹಾಗೆಂದು ಹೇಳಿಲ್ಲ, ಹೇಳುವುದೂ ಇಲ್ಲ.