ಎರಡು ರಾಜ್ಯಕ್ಕೊಂದು ಹಿಟ್ಟಿನ ಮಿಲ್ಲು

ಬೆಳಗಿನ ಐದೂಕಾಲು. ಬೆಂಗಳೂರಿನ ಕುರುಬರಹಳ್ಳಿಯ ಗಲ್ಲಿಯೊಂದರಲ್ಲಿ ಹಾಲಿನ ಬೂತ್ ಬಿಟ್ಟರೆ ಬೇರೇನೂ ತೆರೆದಿಲ್ಲ. ಬೂತಿನ ಪಕ್ಕದ ಹಿಟ್ಟಿನ ಮಿಲ್ಲಿನ ಷಟರ್ ಮಾತ್ರ ಅರ್ಧಕ್ಕೆ ಎತ್ತಿದೆ. ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದೆ. ಬಗ್ಗಿ ನೋಡಿದರೆ, ಗೋಣಿಚೀಲ ಹಾಸಿಕೊಂಡು ಕೂತಿರುವ ಮರೆಪ್ಪ, ಎರಡು ಕಾಲಿನ ನಡುವೆ ದುಂಡನೆಯ ಕಲ್ಲೊಂದನ್ನು ಇಟ್ಟುಕೊಂಡು ಉಳಿ ಹೊಡೆಯುತ್ತಿದ್ದಾರೆ. ಕಣ್ಣಿಗೆ ದಪ್ಪ ಕನ್ನಡಕ, ಮೂಗಿಗೆ ಟವೆಲ್ಲು. ಮಿಲ್ಲಿನ ಓನರ್ ಏಳಕ್ಕೆ ಬರುತ್ತಾರೆ. ಅಷ್ಟರೊಳಗೆ ಕೆಲಸ ಮುಗಿಯಬೇಕು.

ಬೀಸುವ ಯಂತ್ರದೊಳಗೆ ಎರಡು ಕಲ್ಲು ಇರುತ್ತವೆ. ಒಂದು ಕದಲುವುದಿಲ್ಲ, ಇನ್ನೊಂದು ತಿರುಗುತ್ತದೆ. ಬೀಸಿ ಬೀಸಿ ಎರಡೂ ನುಣುಪಾದರೆ ರಾಗಿ ಹಿಟ್ಟಾಗುವುದಿಲ್ಲ, ಬಿಸಿಯಾಗುತ್ತದೆ ಅಷ್ಟೆ. ಆಗ ಯಾರಾದರೂ ಕೂತು ಕಲ್ಲನ್ನು ಮತ್ತೆ ಒರಟು ಮಾಡಬೇಕು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಇಪ್ಪತ್ತಾರು ಮಿಲ್ಲುಗಳಿಗೆ ಆ ‘ಯಾರಾದರೂ’ ಅಂದರೆ ಮರೆಪ್ಪ. ವಯಸ್ಸು ಐವತ್ತನಾಲ್ಕು. ಮನೆ ಲಗ್ಗೆರೆ. ದಿನಕ್ಕೆ ಎರಡು ಮಿಲ್ಲು, ಅಂದರೆ ನಾಲ್ಕು ಕಲ್ಲು.

ಒಂದು ಕಲ್ಲಿಗೆ ಎಷ್ಟು ಏಟು ಬೀಳುತ್ತದೆ ಎಂದು ಕೇಳಿದರೆ ನಗುತ್ತಾರೆ. “ನಾನು ಎಣಿಸಿಲ್ಲ ಸಾರ್. ಒಂದ್ಸಲ ನನ್ನ ಹೆಂಡ್ತಿ ವಿಮಲಮ್ಮ ಪಕ್ಕದಲ್ಲೇ ಕೂತು ಎಣಿಸಿದ್ಲು. ಸಾವಿರದ ನೂರು ದಾಟಿದ ಮೇಲೆ ಅವಳಿಗೆ ನಿದ್ದೆ ಬಂತು.”

ಕಲ್ಲಿನ ಚೂರು ಹಾರಿ ಎಡಗಣ್ಣು ಮಂಜಾಗಿ ಒಂಬತ್ತು ವರ್ಷವಾಯಿತು. ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಇದೆಲ್ಲ ಅವರ ಪಾಲಿಗೆ ಹೇಳಿಕೊಳ್ಳುವ ವಿಷಯವೇ ಅಲ್ಲ. ಹೇಳಿಕೊಳ್ಳಬೇಕು ಅನ್ನಿಸುವ ಒಂದು ಸಂಗತಿ ಇದೆ. ಅದನ್ನು ಹೇಗೆ ಹೇಳಬೇಕು ಅನ್ನುವುದು ಮಾತ್ರ ಅವರಿಗೆ ತಿಳಿಯುತ್ತಿಲ್ಲ. “ನಾನು ಮಾಡಿದ್ದು ಒಳ್ಳೇದಾ, ತಲೆಹರಟೆನಾ, ಇನ್ನೂ ಗೊತ್ತಾಗಿಲ್ಲ ನಂಗೆ” ಎಂದು ಟವೆಲ್ಲು ಬಿಚ್ಚಿ ಕೊಡವುತ್ತಾರೆ.

ಆ ಸಂಗತಿ ನಡೆದಿದ್ದು ಬೆಂಗಳೂರಿನಿಂದ ಬಸ್ಸಿನಲ್ಲಿ ನಾಲ್ಕು ತಾಸಿನ ದೂರದಲ್ಲಿ, ಆಂಧ್ರದ ಗಡಿಯಲ್ಲಿ. ಅಲ್ಲಿ ಒಂದು ಹಳ್ಳ. ಈಚೆ ದಡದ ಹೊನ್ನಜ್ಜನಪಾಳ್ಯ ಕರ್ನಾಟಕದ್ದು, ಆಚೆ ದಡದ ಎರ್ರಗುಂಟಪಲ್ಲಿ ಆಂಧ್ರದ್ದು. ಮರೆಪ್ಪ ಹುಟ್ಟಿದ್ದು ಆಚೆ. ಆರು ವರ್ಷದವರಿದ್ದಾಗ ಅಪ್ಪ ತೀರಿಕೊಂಡರು, ತಾಯಿ ತವರಾದ ಈಚೆಗೆ ಕರೆತಂದರು. ಏಳನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. “ಈಚೆ ಊರಲ್ಲಿ ನನ್ನ ಆ ಕಡೆಯವನು ಅಂತಾರೆ. ಆಚೆ ಊರಿಗೆ ಹೋದ್ರೆ ಅಲ್ಲೂ ಆ ಕಡೆಯವನು ಅಂತಾರೆ. ಬೆಂಗಳೂರಲ್ಲಿ ಯಾರೂ ಕೇಳಲ್ಲ, ಅದೇ ಆರಾಮು.”

ಎರಡೂ ಊರಿಗೆ ಒಂದೊಂದು ಹಿಟ್ಟಿನ ಮಿಲ್ಲಿತ್ತು. ಜನ ಕಮ್ಮಿಯಾಗುತ್ತಾ ಬಂದು ಎರಡೂ ಮುಚ್ಚಿದವು. ರಾಗಿ ಬೀಸಿಸಲು ಹನ್ನೆರಡು ಕಿಲೋಮೀಟರ್ ಹೋಗಬೇಕಾದಾಗ ಒಬ್ಬೊಬ್ಬರೇ ರಾಗಿ ಬೆಳೆಯುವುದನ್ನೇ ಬಿಟ್ಟರು. ಚೀಲ ಹೊತ್ತು ಬಸ್ಸಿಗೆ ಕಾಯುವವರಿಲ್ಲ ಎಂದು ಬಸ್ಸು ನಿಂತಿತು. ಬಸ್ಸಿಲ್ಲ ಎಂದು ಇನ್ನಷ್ಟು ಜನ ಹೊರಟರು. ಹೊನ್ನಜ್ಜನಪಾಳ್ಯದ ನಲವತ್ತೊಂದು ಮನೆಗಳಲ್ಲಿ ಹದಿನೆಂಟಕ್ಕೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಆಚೆ ಕಡೆಯದೂ ಹೆಚ್ಚುಕಮ್ಮಿ ಅದೇ ಕಥೆ.

ಎರಡು ವರ್ಷದ ಹಿಂದೆ ಬಸವೇಶ್ವರನಗರದಲ್ಲಿ ಮರೆಪ್ಪನ ಹಳೆಯ ಗಿರಾಕಿ ಶ್ಯಾಮಸುಂದರ ಎಂಬವರು ತಮ್ಮ ಮಿಲ್ಲು ಮುಚ್ಚಿದರು. ಪ್ಯಾಕೆಟ್ ಹಿಟ್ಟಿನ ಮುಂದೆ ಅವರ ಆಟ ನಡೆಯಲಿಲ್ಲ. “ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ ಮರೆಪ್ಪ. ನೀನೇ ತಗೊಂಡ್ಹೋಗಿ ಎಲ್ಲಾದ್ರೂ ಓಡಿಸು” ಎಂದರು. ಮರೆಪ್ಪನಿಗೆ ನೆನಪಾಗಿದ್ದು ಎರ್ರಗುಂಟಪಲ್ಲಿಯ ಓಬುಲಮ್ಮ. ಆಕೆಯ ಗಂಡ ನಡೆಸುತ್ತಿದ್ದ ಮಿಲ್ಲಿನ ಕಟ್ಟಡ, ಕರೆಂಟ್ ಕನೆಕ್ಷನ್ ಸಮೇತ ಖಾಲಿ ಬಿದ್ದಿತ್ತು. ಆದರೆ ಒಂದೂರಿನ ಹದಿನೈದು-ಹದಿನೆಂಟು ಮನೆಯ ರಾಗಿಯಿಂದ ಮಿಲ್ಲು ಓಡುವುದಿಲ್ಲ. ಎರಡೂ ಊರು ಸೇರಬೇಕು. ಹೊನ್ನಜ್ಜನಪಾಳ್ಯದ ಹಿರಿಯ ಕೃಷ್ಣಪ್ಪನವರನ್ನು ಕೇಳಿದರೆ, “ಅಲ್ಲಪ್ಪ, ನಮ್ಮ ರಾಗಿ ಆಂಧ್ರಕ್ಕೆ ಹೋಗಿ ಬೀಸಿಸ್ಕೊಂಡು ಬರಬೇಕಾ?” ಎಂದರು. ಓಬುಲಮ್ಮ, “ನನ್ನ ಗೋಡೆ, ನನ್ನ ಕರೆಂಟು. ಅವರ ಯಜಮಾನಿಕೆ ಯಾಕೆ?” ಎಂದರು. ಒಂಬತ್ತು ಭಾನುವಾರ ಮರೆಪ್ಪ ಹಳ್ಳ ದಾಟಿದರು. ಅಲ್ಲಿಯ ಮಾತು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ. ನಡುವೆ ಎಷ್ಟೋ ಸಲ ಯಾರ ಮಾತು ಯಾವುದು ಎಂದು ತಮಗೇ ಕಲಸಿಹೋಗುತ್ತಿತ್ತು ಎನ್ನುತ್ತಾರೆ.

ಕಡೆಗೊಂದು ಒಪ್ಪಂದವಾಯಿತು. ಕಟ್ಟಡ ಆಚೆಯದು. ಮಿಲ್ಲು ಓಡಿಸುವ ಕೈ ಈಚೆಯದು. ರಿಪೇರಿ ಎರಡೂ ಊರಿನದು. ಲಗೇಜ್ ಆಟೋದಲ್ಲಿ ಯಂತ್ರ ಹೇರಿಕೊಂಡು ಹೊರಟರೆ ಗಡಿಯ ಚೆಕ್‌ಪೋಸ್ಟಿನಲ್ಲಿ ತಡೆದರು.

“ಮಾರೋಕಾ?”

“ಇಲ್ಲ ಸಾರ್, ಕೊಡೋಕೆ.”

“ಯಾರಿಗೆ?”

“ಊರಿಗೆ.”

“ಯಾವ ಊರಿಗೆ?”

“ಎರಡಕ್ಕೂ.”

“ಯಾವ ಸ್ಟೇಟು?”

“ಎರಡೂ ಸಾರ್.”

ಅಲ್ಲಿ ಕೂತಿದ್ದವರು ಫಾರಂ ಮೇಲೆ ಪೆನ್ನು ಹಿಡಿದರು. ಸ್ಟೇಟು ಬರೆಯಲು ಒಂದೇ ಗೆರೆ ಇತ್ತು. ಎರಡು ತಾಸು ಕೂರಿಸಿದರು. ಆಮೇಲೆ ಏನು ಬರೆದುಕೊಂಡರೋ ಮರೆಪ್ಪನಿಗೆ ಇವತ್ತಿಗೂ ತಿಳಿಯದು. ಹೋಗು ಎಂದರು, ಹೋದರು.

ಮಿಲ್ಲು ಶುರುವಾದ ದಿನ ಎರಡೂ ಊರು ಚೀಲಗಳೊಂದಿಗೆ ಬಾಗಿಲಲ್ಲಿ ನಿಂತಿದ್ದವು. ಕಲ್ಲಿಗೆ ಹೊಸದಾಗಿ ಉಳಿ ಹೊಡೆದು, ಕೂರಿಸಿ, ಬೆಲ್ಟು ಹಾಕಿ ಮರೆಪ್ಪ ಎದ್ದು ನಿಲ್ಲುವುದರೊಳಗೆ ಜಗಳ ಹತ್ತಿಕೊಂಡಿತ್ತು.

“ಮಿಷನ್ನು ನಮ್ಮ ಕಡೆಯಿಂದ ಬಂದಿದ್ದು. ಮೊದಲು ನಮ್ಮ ರಾಗಿ” ಎಂದರು ಕೃಷ್ಣಪ್ಪ.

“ನನ್ನ ಹೊಸಿಲು ದಾಟಿ ಒಳಗೆ ಬಂದು ಮೊದಲು ನಿಂದಾ? ನನ್ನದೇ ಮೊದಲು” ಎಂದರು ಓಬುಲಮ್ಮ.

ಮಾತಿಗೆ ಮಾತು ಬೆಳೆಯಿತು. ಯಾರೋ ಚೀಲ ಎಳೆದರು, ಇನ್ಯಾರೋ ತಳ್ಳಿದರು. “ಇದನ್ನ ವಾಪಸ್ ಲಗ್ಗೆರೆಗೆ ಒಯ್ದುಬಿಡು” ಎಂದೂ ಒಬ್ಬರು ಕೂಗಿದರು. ಒಂಬತ್ತು ಭಾನುವಾರ ಕಟ್ಟಿದ್ದು ಒಂದೇ ಗಳಿಗೆಯಲ್ಲಿ ಬಿದ್ದುಹೋಗುವ ಹಾಗಿತ್ತು. ಯಾರ ಕಡೆ ಮಾತಾಡಿದರೂ ಇನ್ನೊಂದು ಕಡೆ ಕೆಡುತ್ತದೆ. ದಿಕ್ಕು ತೋಚದೆ ನಿಂತ ಮರೆಪ್ಪನ ಬಾಯಿಂದ ಬಂದಿದ್ದು ಕೆಲಸದ ಮಾತೊಂದೇ. “ಅಣ್ಣ, ಅಕ್ಕ, ಒಂದ್ ನಿಮಿಷ. ಉಳಿ ಹೊಡೆದ ಮೇಲೆ ಬರೋ ಮೊದಲನೇ ಹಿಟ್ಟಲ್ಲಿ ಕಲ್ಲುಪುಡಿ ಇರುತ್ತೆ. ಅದನ್ನ ತಿನ್ನೋಕಾಗಲ್ಲ. ಮೊದಲು ಹಾಕೋರ ರಾಗಿ ಹಾಳೇ.”

ಎಳೆದಾಡುತ್ತಿದ್ದ ಚೀಲಗಳು ಕೆಳಗಿಳಿದವು.

“ಆಯ್ತು ಬಿಡಮ್ಮ, ನಿನ್ನ ಮನೆ. ನೀನೇ ಹಾಕ್ಕೋ” ಎಂದರು ಕೃಷ್ಣಪ್ಪ, ತಮ್ಮ ಚೀಲವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತಾ.

“ಅಯ್ಯೋ, ನೀವು ದೊಡ್ಡವರು. ನೀವೇ ಹಾಕಿ” ಎಂದರು ಓಬುಲಮ್ಮ.

ಹಿಂದಿನಿಂದ ಯಾರೋ ನಕ್ಕರು. ಆ ನಗು ಹಳ್ಳದ ಎರಡೂ ಕಡೆಯವರಿಗೆ ಹರಡಿತು. ಓಬುಲಮ್ಮ ಒಳಗೆ ಹೋಗಿ ಒಂದು ಸೇರು ರಾಗಿ ತಂದರು. ಕೃಷ್ಣಪ್ಪನವರು ತಮ್ಮ ಚೀಲ ಬಿಚ್ಚಿ ಇನ್ನೊಂದು ಸೇರು ಅಳೆದರು. ಎರಡನ್ನೂ ಒಟ್ಟಿಗೆ ಸುರಿದರು. ಬಂದ ಹಿಟ್ಟನ್ನು ಯಾರೂ ಮನೆಗೊಯ್ಯದೆ ತಿಪ್ಪೆಗೆ ಸುರಿದರು. “ಅವರು ಯಾಕೆ ಜಗಳ ಆಡಿದ್ರು, ಯಾಕೆ ಬಿಟ್ರು, ಎರಡೂ ನಂಗೆ ಅರ್ಥ ಆಗಿಲ್ಲ ಸಾರ್. ನಾನು ಕಲ್ಲಿನ ವಿಷಯ ಹೇಳ್ದೆ ಅಷ್ಟೆ” ಎನ್ನುತ್ತಾರೆ ಮರೆಪ್ಪ.

ಈಗ ಮಿಲ್ಲು ವಾರಕ್ಕೆ ಮೂರು ದಿನ ಓಡುತ್ತದೆ. ಸುತ್ತಲಿನ ನಾಲ್ಕು ಹಳ್ಳಿಯವರೂ ಬರುತ್ತಾರೆ. ಬಿಟ್ಟಿದ್ದ ಹೊಲಗಳಲ್ಲಿ ಕೆಲವಕ್ಕೆ ಮತ್ತೆ ರಾಗಿ ಬಿದ್ದಿದೆ. ಕರ್ನಾಟಕದ ಬಸ್ಸೊಂದು ಹಳ್ಳ ದಾಟಿ ಬಂದು ಮಿಲ್ಲಿನ ಮುಂದೆಯೇ ತಿರುಗಿಸಿಕೊಂಡು ಹೋಗುತ್ತದೆ. ಅದಕ್ಕೆ ಪರ್ಮಿಷನ್ ಇದೆಯೋ ಇಲ್ಲವೋ ಯಾರೂ ಕೇಳಿಲ್ಲ. ಬೋರ್ಡು ಯಾವ ಭಾಷೆಯಲ್ಲಿರಬೇಕು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ, ಹಾಗಾಗಿ ಮಿಲ್ಲಿಗೆ ಹೆಸರೇ ಇಲ್ಲ. ಈಚೆ ಎರಡು, ಆಚೆ ಒಂದು, ಒಟ್ಟು ಮೂರು ಮನೆಗಳ ಬೀಗ ತೆಗೆದಿದೆ. ಅದರ ಜೊತೆಗೇ ಇನ್ನೊಂದು ಮನೆಯವರು ಊರು ಬಿಟ್ಟೂ ಹೋದರು.

“ಊರು ಉಳೀತಾ ಇದೆಯಾ ಅಂತ ಎಲ್ರೂ ಕೇಳ್ತಾರೆ. ಮೂರು ಬಂದ್ರೆ ಒಂದು ಹೋಗುತ್ತೆ. ಇದನ್ನ ಉಳಿಯೋದು ಅಂತಾರಾ, ಹೋಗೋದು ಅಂತಾರಾ? ನೀವು ಓದಿದೋರು, ನೀವೇ ಹೇಳಿ.”

ಮರೆಪ್ಪನಿಗೆ ಇರುವ ಆಸೆ ಸಣ್ಣದು. ತಮ್ಮ ಕಣ್ಣು ಪೂರ್ತಿ ಹೋಗುವ ಮೊದಲು ಈ ಕೆಲಸವನ್ನು ಅಲ್ಲಿಯವರೇ ಕಲಿತುಬಿಡಬೇಕು. ಅದಕ್ಕೊಬ್ಬರು ಸಿಕ್ಕಿದ್ದಾರೆ. ಕೃಷ್ಣಪ್ಪನವರ ಮಗಳು ಕುಸುಮಾ, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಹೊಲಿದು ಊರಿಗೆ ವಾಪಸಾದವರು. ಮಿಲ್ಲು ಓಡಿಸುವ ಆ ‘ಈಚೆಯ ಕೈ’ ಆಕೆಯದೇ. ಮೊದಲ ತಿಂಗಳು ಉಳಿಯ ಬದಲು ಹೆಬ್ಬೆರಳಿಗೇ ಹೊಡೆದುಕೊಂಡರು. ಕೈ ಊದಿದರೂ ಬಿಡಲಿಲ್ಲ.

ಹೋದ ಭಾನುವಾರ ಮರೆಪ್ಪ ಹೋಗಿದ್ದಾಗ ಇಬ್ಬರೂ ಒಂದೇ ಕಲ್ಲಿಗೆ ಎದುರುಬದುರು ಕೂತು ಉಳಿ ಹೊಡೆದರು. ಮುಗಿದ ಮೇಲೆ ಕುಸುಮಾ, “ಮಾವ, ನಂದು ಸರಿಯಾಗಿ ಬಂದಿದೆಯಾ ನೋಡಿ” ಎಂದು ಕಲ್ಲನ್ನು ಅವರ ಮುಂದೆ ತಿರುಗಿಸಿ ಇಟ್ಟರು. ಒಂದು ಕಣ್ಣು ಮಂಜು, ಹಾಗಾಗಿ ಮರೆಪ್ಪ ಅಂಗೈ ಆಡಿಸಿದರು. ಒಂದು ಸುತ್ತು, ಮತ್ತೊಂದು ಸುತ್ತು.

“ಮೂವತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಸಾರ್. ನಾನು ಹೊಡೆದಿದ್ದು ಯಾವ ಕಡೆ, ಅವಳು ಹೊಡೆದಿದ್ದು ಯಾವ ಕಡೆ, ನಂಗೇ ಗೊತ್ತಾಗ್ಲಿಲ್ಲ ನೋಡಿ” ಎಂದು ಹೇಳಿ ಮರೆಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.