ಹೋಜಾ ಓದಿದ ಪ್ರವಚನ

ಬಾಯಿ ತೆರೆಯುವ ಮೊದಲು ಅಂಗಿಯ ಜೇಬು ಮುಟ್ಟಿಕೊಳ್ಳುವುದು ಹೋಜಾ ಅವರ ಅಭ್ಯಾಸ. ಉಪ್ಪು ಕೇಳುವುದಕ್ಕೂ ಮುಟ್ಟಿಕೊಳ್ಳುತ್ತಿದ್ದರು. ಟೋಕಿಯೋದ ನಿಶಿ ಕಸಾಯಿಯ ನಮ್ಮ ಹೋಟೆಲಿನಲ್ಲಿ ನಾನು ದೋಸೆ ಹಾಕುವವನು, ಅವರು ಪಾತ್ರೆ ತೊಳೆಯುವವರು. ವಯಸ್ಸು ಅರವತ್ತು ದಾಟಿತ್ತು. ತುರ್ಕಿಯ ಒಂದು ಹಳ್ಳಿಯಲ್ಲಿ ಮಸೀದಿಯ ಇಮಾಮರಾಗಿದ್ದವರು. ಅಂಥವರನ್ನು ಅಲ್ಲಿ ಹೋಜಾ ಎನ್ನುತ್ತಾರಂತೆ. ನನ್ನನ್ನು ಅವರು ಕರೆಯುತ್ತಿದ್ದುದು ಉಸ್ತಾ ಎಂದು. ಕಸುಬು ಬಲ್ಲವನು ಅಂತ ಅರ್ಥ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕಾವಲಿಯ ಮುಂದೆ ನಿಂತ ನನಗೆ ಇದಕ್ಕಿಂತ ದೊಡ್ಡ ಡಿಗ್ರಿ ಯಾರೂ ಕೊಟ್ಟಿಲ್ಲ.

ಮಧ್ಯಾಹ್ನ ಮೂರಕ್ಕೆ ಶಟರ್ ಎಳೆದ ಮೇಲೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಇಬ್ಬರದೂ ಕುಂಟು ಜಪಾನಿ. ಮಾತಾಡಲು ಬೇರೆ ಯಾರಿದ್ದರು?

"ನಮ್ಮ ದೇಶದಲ್ಲಿ ಸುಲ್ತಾನ ಹೋದ, ಖಲೀಫನೂ ಹೋದ. ಇನ್ನು ಸರ್ಕಾರಕ್ಕೂ ಧರ್ಮಕ್ಕೂ ಸಂಬಂಧ ಇಲ್ಲ ಅಂದ್ರು," ಎಂದರು ಹೋಜಾ ಒಮ್ಮೆ. "ನಮ್ಮಜ್ಜನ ಕಾಲದಲ್ಲಿ ನಮಾಜಿಗೆ ಕರೆಯೋ ಬಾಂಗನ್ನೂ ಅರಬ್ಬಿಯಲ್ಲಿ ಕೂಗೋ ಹಾಗಿರ್ಲಿಲ್ಲ, ತುರ್ಕಿ ಮಾತಲ್ಲೇ ಆಗಬೇಕು. ಅಜ್ಜ ಹಾಗೇ ಕೂಗಿ, ಮನೆಗೆ ಬಂದು ಹಳೇದನ್ನ ದಿಂಬಿಗೆ ಬಾಯಿಟ್ಟು ಕೂಗ್ತಿದ್ದ."

"ನಿಮ್ಮ ಕಾಲದಲ್ಲಿ?"

"ಅರಬ್ಬಿ ಬಾಂಗು ವಾಪಸ್ ಬಂದಿತ್ತು. ನನಗೆ ಸರ್ಕಾರಿ ಸಂಬಳ. ಶುಕ್ರವಾರದ ಪ್ರವಚನ ಮಾತ್ರ ಮೇಲಿನಿಂದ ಬರೆದು ಬರೋದು. ಜೇಬಲ್ಲಿಟ್ಕೊಂಡು ಹೋಗಿ ಓದೋದು."

"ಸಂಬಂಧ ಇಲ್ಲ ಅಂದ್ರಲ್ಲ!"

"ಜಗಳ ಆಡಿದ ಗಂಡ ಹೆಂಡ್ತಿನೂ ಹಾಗೇ ಅಂತಾರೆ, ಉಸ್ತಾ."

ಇಪ್ಪತ್ತಾರು ವರ್ಷ ಓದಿದರು. ಒಂದು ವಾರ ಊರಿನ ಇಟ್ಟಿಗೆ ಕಾರ್ಖಾನೆಯ ಚಾವಣಿ ಕುಸಿದು ಮೂವರು ಸತ್ತರು. ಆ ಶುಕ್ರವಾರದ ಕಾಗದದಲ್ಲಿದ್ದದ್ದು ನೀರು ಪೋಲು ಮಾಡಬೇಡಿ ಎಂಬ ಬೋಧನೆ. ಹೋಜಾ ಅದನ್ನು ಮಡಚಿ, ಸತ್ತವರ ಹೆಸರು ಹೇಳಿ, "ಚಾವಣಿ ಹಾಳಾಗಿದ್ದು ಗೊತ್ತಿದ್ದೂ ಸುಮ್ಮನಿದ್ದವರು ಇಲ್ಲೇ ಕೂತಿದ್ದಾರೆ" ಎಂದು ಪ್ರವಚನ ಪೀಠದಿಂದ ಕೆಳಗಿಳಿದುಬಿಟ್ಟರು. ವಿಚಾರಣೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಆ ಹೆಸರುಗಳು ಕಾಗದದಲ್ಲಿದ್ದವೇ?" ಕೆಲಸ ಹೋಯಿತು. ಮದುವೆಯಾಗಿ ನಗೋಯಾದಲ್ಲಿದ್ದ ಮಗಳು ಜಪಾನಿಗೆ ಕರೆಸಿಕೊಂಡಳು. ಅಳಿಯನ ಅನ್ನ ಬೇಡವೆಂದು ಇವರು ಟೋಕಿಯೋದಲ್ಲಿ ದುಡಿಯುತ್ತಿದ್ದರು.

ಹೋದ ವರ್ಷ ಹತ್ತಿರದ ಫುನಾಬೊರಿಯ ಬಾಡಿಗೆ ಕೋಣೆಯೊಂದರಲ್ಲಿ ನಮಾಜು ಮಾಡುವ ತುರ್ಕಿಯವರು, ಈ ಶುಕ್ರವಾರ ನೀವೇ ಪ್ರವಚನ ಕೊಡಿ ಎಂದು ಕೇಳಿಕೊಂಡರು. ವಾರವಿಡೀ ಸಿಂಕಿನ ಮುಂದೆ ಹೋಜಾ ಅವರ ತುಟಿ ಅಲ್ಲಾಡುತ್ತಿತ್ತು.

"ಇಲ್ಲಿ ಬರೆದು ಕಳಿಸೋರು ಯಾರೂ ಇಲ್ಲ. ಎದೆಯಲ್ಲಿರೋದೆಲ್ಲ ಹೇಳಿಬಿಡಿ," ಎಂದು ನಾನೇ ಹುರಿದುಂಬಿಸಿದೆ.

"ನೀವೂ ಬನ್ನಿ ಉಸ್ತಾ."

ಮಧ್ಯಾಹ್ನದ ಹೊತ್ತಿನಲ್ಲಿ ನನ್ನ ಕಾವಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಹದಿನಾಲ್ಕು ವರ್ಷದಲ್ಲಿ ಅದೊಂದೇ ಸಲ. ಆ ಕೋಣೆಯ ಬಾಗಿಲಲ್ಲಿ, ಬಿಟ್ಟ ಬೂಟುಗಳ ಪಕ್ಕ ಕೂತೆ. ಹೋಜಾ ಎದ್ದು ನಿಂತರು. ಜೇಬು ಮುಟ್ಟಿಕೊಂಡರು. ಯಾರೋ ಕೆಮ್ಮಿದರು. ಕೊನೆಗೆ ಜೇಬಿನಿಂದ ಫೋನು ತೆಗೆದು, ಒಮ್ಮೆಯೂ ಕಣ್ಣೆತ್ತದೆ ಓದಿ ಮುಗಿಸಿದರು. ಜನ ಕೈ ಕುಲುಕಿ, ಚೆನ್ನಾಗಿತ್ತು ಎಂದು ಹೋದರು.

ಬಸ್ ಸ್ಟಾಪಿನಲ್ಲಿ ಕೇಳಿದೆ: "ಅದು ನಿಮ್ಮ ಸರ್ಕಾರದ್ದೇನಾ?"

"ಈ ವಾರದ್ದು. ಈಗ ಫೋನಲ್ಲೇ ಸಿಗುತ್ತೆ."

"ಇಲ್ಲಿ ಯಾರ ಹೆದರಿಕೆ ನಿಮಗೆ?" ನನ್ನ ದನಿ ಜೋರಾಯಿತು.

"ಹೆದರಿಕೆ ಅಲ್ಲ. ಇಷ್ಟು ವರ್ಷ ಅವರು ನನ್ನ ಮಾತು ತಡೆದಿದ್ದಾರೆ ಅಂದ್ಕೊಂಡಿದ್ದೆ. ಇವತ್ತು ತಡೆಯೋರು ಯಾರೂ ಇರ್ಲಿಲ್ಲ. ಒಳಗೆ ನೋಡಿದ್ರೆ ಆ ಮೂರು ಹೆಸರು ಬಿಟ್ಟು ಇನ್ನೇನೂ ಇಲ್ಲ. ಇಲ್ಲಿ ಅವರನ್ನ ಯಾರು ಬಲ್ಲರು?"

ಬಸ್ಸು ಬಂತು. ಸಂಜೆಗೆ ಹಿಟ್ಟು ರುಬ್ಬುವುದಿತ್ತು, ನಾನು ಹತ್ತಿದೆ. ಅವರು ನಡೆದೇ ಬರುತ್ತೇನೆಂದು ಉಳಿದರು. ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ, ಮಗಳ ಮನೆಗೆ ಹೊರಟುಹೋದರೆಂದು ಮಾಲೀಕರು ಹೇಳಿದರು.

ಆ ಮೂವರ ಹೆಸರೇನು ಎಂದು ನಾನು ಕೇಳಲೇ ಇಲ್ಲ. ಕೇಳಿದ್ದರೆ ಹೇಳುತ್ತಿದ್ದರು.